ಲೆಕ್ಕ ಇಟ್ಟವರು: ಮಕ್ಕಳ ರಕ್ತ ಕ್ಯಾನ್ಸರಿನ ಎಪ್ಪತ್ತೈದು ವರ್ಷ

ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಹೊರಟರೆ ಬಲಕ್ಕೆ ಜಕ್ಕೂರು. ವಿಮಾನ ಹಾರಿಸುವುದನ್ನು ಕಲಿಸುವ ಹಳೆಯ ಏರೋಡ್ರೋಮಿನಿಂದಾಗಿ ಈ ಹೆಸರು ಬೆಂಗಳೂರಿಗರಿಗೆಲ್ಲ ಗೊತ್ತು. ಅಲ್ಲೇ ರಾಚೇನಹಳ್ಳಿ ಕೆರೆಯ ಪಕ್ಕದಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. 1989ರಲ್ಲಿ ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಸಂಸ್ಥೆ ಅದು. ಅದೇ ರಸ್ತೆಯಲ್ಲಿ ಇನ್ನೂ ಉತ್ತರಕ್ಕೆ ಹೋದರೆ, ವಿಮಾನ ನಿಲ್ದಾಣದ ತಿರುವಿಗೆ ಹತ್ತಿರದ ಪೂಜನಹಳ್ಳಿಯಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಇನ್ನೊಂದು ಕೇಂದ್ರವಿದೆ. ದೇಶದ ಯಾವ ಮೂಲೆಯಲ್ಲಿ ಯಾರಿಗೆ ಎಂಥ ಕ್ಯಾನ್ಸರ್ ಬಂತು ಎಂಬ ಲೆಕ್ಕ ಬಂದು ಸೇರುವುದು ಅಲ್ಲಿಗೆ. ಜಕ್ಕೂರಿನಲ್ಲಿ ರಕ್ತದ ಕೋಶ ಹೇಗೆ ಹುಟ್ಟುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂದು ನೋಡಿದರು. ಪೂಜನಹಳ್ಳಿಯಲ್ಲಿ ದಾರಿ ತಪ್ಪಿದ್ದನ್ನು ಎಣಿಸುತ್ತಾರೆ. ಎರಡೂ ಕಡೆ ರೋಗಿಯ ಹಾಸಿಗೆಯಿಲ್ಲ. ಮಕ್ಕಳು ಮಲಗಿರುವುದು ನಗರದ ಮತ್ತೊಂದು ತುದಿಯಲ್ಲಿ, ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಲ್ಲಿ.

ಈ ಮೂರು ಜಾಗಗಳನ್ನು ಸೇರಿಸುವ ಚರಿತ್ರೆಯೊಂದಿದೆ. ಅದು ಮಕ್ಕಳಿಗೆ ಬರುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ್ದು. ಆಸ್ಪತ್ರೆಯ ಬಾಯಲ್ಲಿ ಎಎಲ್‌ಎಲ್, ಮನೆಯವರ ಬಾಯಲ್ಲಿ ಬ್ಲಡ್ ಕ್ಯಾನ್ಸರ್. ಒಂದು ಕಾಲದ ಸಿನಿಮಾಗಳಲ್ಲಿ ಈ ಎರಡು ಪದ ಕೇಳಿದರೆ ಕಥೆ ಮುಗಿಯಿತೆಂದೇ ಅರ್ಥ. ಇಂದು ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಕ್ಕಿದರೆ ಬಹುಪಾಲು ಮಕ್ಕಳು ಬದುಕುತ್ತಾರೆ. ಈ ಬದಲಾವಣೆಯನ್ನು ಯಾವುದೋ ಒಂದು ಅದ್ಭುತ ಔಷಧಿ ತರಲಿಲ್ಲ. ಹಳೆಯ, ಬಹುತೇಕ ಅಗ್ಗದ ಐದಾರು ಔಷಧಿಗಳನ್ನು ಯಾವುದರ ಹಿಂದೆ ಯಾವುದು, ಎಷ್ಟು, ಎಷ್ಟು ದಿನ ಎಂದು ಲೆಕ್ಕ ಇಟ್ಟು ಕೊಟ್ಟವರು, ಕೊಟ್ಟ ಮೇಲೆ ಏನಾಯಿತೆಂದು ಸುಳ್ಳಿಲ್ಲದೆ ಬರೆದಿಟ್ಟವರು ತಂದರು. ನಾನು ಹೇಳಹೊರಟಿರುವುದು ಅವರ ಕಥೆ.

ರೋಗ ಮನೆಗೆ ಬರುವ ರೀತಿ ಸಾಮಾನ್ಯವಾಗಿ ಒಂದೇ. ಮೂರು ನಾಲ್ಕು ವರ್ಷದ ಮಗುವಿಗೆ ಜ್ವರ, ಬಿಟ್ಟು ಬಿಟ್ಟು ಬರುತ್ತದೆ. ಮುಖ ಬಿಳಿಚುತ್ತದೆ. ಎಲ್ಲೂ ಬೀಳದಿದ್ದರೂ ಮೊಣಕಾಲ ಕೆಳಗೆ ನೀಲಿ ಕಲೆ. ಕಾಲು ನೋವೆಂದು ರಾತ್ರಿ ಅಳುತ್ತದೆ. ಟಾನಿಕ್ಕು, ಆಂಟಿಬಯಾಟಿಕ್ಕು, ಹರಕೆ ಎಲ್ಲ ಆದ ಮೇಲೆ ಯಾರೋ ಒಬ್ಬ ವೈದ್ಯರು ರಕ್ತಪರೀಕ್ಷೆಗೆ ಬರೆಯುತ್ತಾರೆ. ಅದು ಸರಿಯಿಲ್ಲವೆಂದು ಗೊತ್ತಾದಾಗ ದೊಡ್ಡ ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಮಜ್ಜೆಯನ್ನು ತೆಗೆಯುತ್ತಾರೆ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಸವರಿ, ಲೀಶ್‌ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಆರೋಗ್ಯವಂತ ಮಜ್ಜೆಯಲ್ಲಿ ಬಗೆಬಗೆಯ ಕೋಶಗಳು ಕಾಣಬೇಕು. ಇಲ್ಲಿ ಕಾಣುವುದು ಒಂದೇ ಬಗೆ: ಕೋಶದ ತುಂಬ ಬರೀ ನ್ಯೂಕ್ಲಿಯಸ್ಸೇ ಇರುವ, ನೇರಳೆ ಬಣ್ಣದ, ಬಲಿಯದ ಬಿಳಿ ರಕ್ತಕಣಗಳು. ಇವೇ ಬ್ಲಾಸ್ಟ್‌ಗಳು. ಕೆಲಸ ಮಾಡುವ ವಯಸ್ಸಿಗೆ ಬರದೆ, ಸಾಯದೆ, ಬರೀ ಹೆಚ್ಚುತ್ತ ಹೋಗಿ, ಉಳಿದ ರಕ್ತಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತವೆ. ರೋಗ ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ಇಂಥವು ಸುಮಾರು ಒಂದು ಲಕ್ಷ ಕೋಟಿ ಇರುತ್ತವೆ.

1948ರ ಜೂನ್‌ನಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಒಂದು ವರದಿ ಪ್ರಕಟಿಸಿದರು. ಅಮಿನೋಪ್ಟೆರಿನ್ ಎಂಬ ಹೊಸ ರಾಸಾಯನಿಕವನ್ನು ಲ್ಯುಕೇಮಿಯಾ ಇದ್ದ 16 ಮಕ್ಕಳಿಗೆ ಕೊಟ್ಟಿದ್ದೆವು, 10 ಮಕ್ಕಳು ಚೇತರಿಸಿಕೊಂಡರು ಎಂಬುದು ಅದರ ಸಾರ. ಆ ರಾಸಾಯನಿಕ ಲೆಡರ್ಲಿ ಪ್ರಯೋಗಾಲಯದಿಂದ ಬಂದಿತ್ತು. ಅಲ್ಲಿನ ಸಂಶೋಧನೆಯನ್ನು ನಡೆಸುತ್ತಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಕಥೆಯ ಬೇರು ಇನ್ನೂ ಹಿಂದಕ್ಕೆ, ನಮ್ಮ ಕಡೆಗೇ ಬರುತ್ತದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಯ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ಏನೋ ಇದೆಯೆಂದು ತೋರಿಸಿದ್ದರು. ಅದು ಫೋಲಿಕ್ ಆಮ್ಲ. ಸುಬ್ಬರಾವ್ ತಂಡ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಫಾರ್ಬರ್ ಮೊದಲು ಲ್ಯುಕೇಮಿಯಾದ ಮಕ್ಕಳಿಗೆ ಫೋಲಿಕ್ ಆಮ್ಲವನ್ನೇ ಕೊಟ್ಟು ನೋಡಿದರು. ರೋಗ ಇನ್ನೂ ಜೋರಾಯಿತು. ಹಾಗಾದರೆ ಫೋಲಿಕ್ ಆಮ್ಲವನ್ನು ತಡೆದರೆ? ಆ ತಡೆಯುವ ವಸ್ತುವನ್ನೂ ಸುಬ್ಬರಾವ್ ತಂಡವೇ ಮಾಡಿಕೊಟ್ಟಿತು. ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಇಂದಿಗೂ ಈ ಮಕ್ಕಳ ಮನೆಯ ಕಪಾಟಿನಲ್ಲಿದೆ. ಫಾರ್ಬರ್ ವರದಿ ಬಂದ ಎರಡೇ ತಿಂಗಳಿಗೆ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ತೀರಿಕೊಂಡರು. ತನ್ನ ಕೆಲಸದಿಂದ ಎಷ್ಟು ಮಕ್ಕಳು ಬದುಕುತ್ತಾರೆಂದು ಅವರಿಗೆ ನೋಡಲಾಗಲಿಲ್ಲ.

ಆದರೆ ಚೇತರಿಸಿಕೊಂಡ ಆ ಮಕ್ಕಳಿಗೂ ಕೆಲವೇ ತಿಂಗಳಲ್ಲಿ ರೋಗ ಮರಳಿತು. ಮುಂದಿನ ಹದಿನೈದು ವರ್ಷ ಹೊಸ ಔಷಧಿ ಬಂದಾಗಲೆಲ್ಲ ಇದೇ ಆಯಿತು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 6-ಮರ್ಕ್ಯಾಪ್ಟೋಪ್ಯೂರಿನ್ ತಂದರು. ಸ್ಟೀರಾಯ್ಡ್ ಬಂತು. ನಮ್ಮ ಹಿತ್ತಿಲಲ್ಲಿ ಬಿಳಿ, ನಸುಗೆಂಪು ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ವಿಂಕ್ರಿಸ್ಟಿನ್ ಬಂತು. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಒಂಟಿಯಾಗಿ ಯಾವುದೂ ರೋಗವನ್ನು ಬೇರುಸಹಿತ ತೆಗೆಯಲಿಲ್ಲ. ಕಾರಣ ಲೆಕ್ಕದಲ್ಲೇ ಇತ್ತು. ಸೂಕ್ಷ್ಮದರ್ಶಕದಲ್ಲಿ ಮಜ್ಜೆ ಚೊಕ್ಕಟವಾಗಿ ಕಂಡರೂ, ಅಂದರೆ ವೈದ್ಯರು ರೆಮಿಷನ್ ಎಂದು ಹೇಳುವ ಹಂತದಲ್ಲೂ, ಮೈಯಲ್ಲಿ ಸಾವಿರ ಕೋಟಿಯಷ್ಟು ಬ್ಲಾಸ್ಟ್‌ಗಳು ಉಳಿದಿರಬಹುದು. ಮಗು ಆಡುತ್ತಿರುತ್ತದೆ, ಉಣ್ಣುತ್ತಿರುತ್ತದೆ, ಅಪ್ಪ ಅಮ್ಮ ಮನೆದೇವರಿಗೆ ಹೋಗಿ ಬಂದಿರುತ್ತಾರೆ. ಚಿಕಿತ್ಸೆ ನಿಲ್ಲಿಸಿದರೆ ಉಳಿದವು ಎದ್ದು ಬರುತ್ತವೆ.

ಈ ತಿಳಿವಳಿಕೆ ಬಂದ ಮೇಲೆ ಔಷಧಿಗಳನ್ನು ಒಟ್ಟಿಗೆ ಕೊಡುವ ಧೈರ್ಯ ಬಂತು. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ನಾಲ್ಕು ಔಷಧಿ ಕೂಡಿಸಿ ಕೊಟ್ಟರು. ಮಜ್ಜೆಯಲ್ಲಿ ರೋಗ ಅಡಗಿತು, ಆದರೆ ಹಲವು ಮಕ್ಕಳಿಗೆ ಮೆದುಳಿನ ಪೊರೆಯಲ್ಲಿ ಮರುಕಳಿಸಿತು. ರಕ್ತದಲ್ಲಿ ಓಡುವ ಔಷಧಿ ಅಲ್ಲಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ 1967ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ತಲೆಗೆ ವಿಕಿರಣ, ಬೆನ್ನುಹುರಿಯ ದ್ರವಕ್ಕೆ ಸೂಜಿಯ ಮೂಲಕ ಮೆಥೊಟ್ರೆಕ್ಸೇಟ್, ಜೊತೆಗೆ ವರ್ಷಗಟ್ಟಲೆ ಗುಳಿಗೆ, ಹೀಗೆ ಎಲ್ಲವನ್ನೂ ಒಂದೇ ಯೋಜನೆಯೊಳಗೆ ತಂದರು. ಆ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಬದುಕುಳಿದರು. ಈ ರೋಗ ವಾಸಿಯಾಗುತ್ತದೆ ಎಂದು ಧೈರ್ಯವಾಗಿ ಹೇಳುವ ಹಾಗಾದದ್ದು ಆಗ.

ನಮ್ಮಲ್ಲಿ? 1970ರ ದಶಕದ ಭಾರತದಲ್ಲಿ, ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ, ಐವರಲ್ಲಿ ಒಬ್ಬರನ್ನು ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಕಿದ್ವಾಯಿ ಶುರುವಾದದ್ದು ಆ ದಶಕದಲ್ಲೇ, 1973ರಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಅದರ ಬೆನ್ನಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಯೋಜನೆ ಬಂತು. 1982ರಿಂದ ಜನಸಂಖ್ಯೆ ಆಧಾರದ ನೋಂದಣಿ ಆರಂಭಿಸಿದ ಮೊದಲ ಮೂರು ನಗರಗಳು ಬೊಂಬಾಯಿ, ಮದ್ರಾಸು ಮತ್ತು ಬೆಂಗಳೂರು. ಬೆಂಗಳೂರಿನದನ್ನು ನಡೆಸಿದ್ದು ಕಿದ್ವಾಯಿ. ಈ ಕೆಲಸದ ಬಗ್ಗೆ ಯಾರೂ ಹಾಡು ಕಟ್ಟಲಿಲ್ಲ. ಕ್ಯಾನ್ಸರ್ ಆದವರು ತಾವಾಗಿ ಬಂದು ಹೆಸರು ಬರೆಸುವುದಿಲ್ಲ. ನೋಂದಣಿಯ ಸಿಬ್ಬಂದಿ ಒಂದೊಂದು ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬಿಗೂ ತಾವೇ ಹೋಗಿ, ಕೇಸ್ ಶೀಟು ಬಿಚ್ಚಿ, ವಿಳಾಸ ತಾಳೆ ನೋಡಿ ಬರೆದುಕೊಂಡರು. ಕಾರ್ಪೊರೇಷನ್ನಿನ ಮರಣ ದಾಖಲೆಗಳನ್ನೂ ತಿರುವಿದರು. ನಮ್ಮ ಮಕ್ಕಳಿಗೆ ಯಾವ ಕ್ಯಾನ್ಸರ್ ಹೆಚ್ಚು ಎಂಬ ಪ್ರಶ್ನೆಗೆ ಇಂದು ಉತ್ತರವಿರುವುದು ಇಂಥ ದುಡಿಮೆಯಿಂದ. ದೇಶದಲ್ಲಿ 2022ರಲ್ಲಿ ಒಟ್ಟು 14.6 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣ ಎಂದು ಅಂದಾಜು ಮಾಡಿದ ಪೂಜನಹಳ್ಳಿಯ ಕೇಂದ್ರದ ವರದಿ, 14 ವರ್ಷದೊಳಗಿನ ಮಕ್ಕಳಲ್ಲಿ ಮೊದಲ ಸ್ಥಾನ ಲಿಂಫಾಯ್ಡ್ ಲ್ಯುಕೇಮಿಯಾದ್ದು ಎನ್ನುತ್ತದೆ: ಹುಡುಗರ ಕ್ಯಾನ್ಸರುಗಳಲ್ಲಿ ಶೇ. 29.2, ಹುಡುಗಿಯರಲ್ಲಿ ಶೇ. 24.2.

ಚಿಕಿತ್ಸೆಯ ತಿರುವು 1984ರದ್ದು. ಉಗಾಂಡದಲ್ಲಿ ಮಕ್ಕಳ ಲಿಂಫೋಮಾ ನೋಡಿ ಬಂದಿದ್ದ ಇಯಾನ್ ಮಗ್ರಾತ್ ಎಂಬ ವೈದ್ಯರು ಆಗ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದರು. ಬೊಂಬಾಯಿಯ ಟಾಟಾ ಮೆಮೋರಿಯಲ್‌ನಲ್ಲಿ ಸುರೇಶ್ ಅಡ್ವಾಣಿ, ಮದ್ರಾಸಿನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯಲ್ಲಿ ವಿ. ಶಾಂತಾ, ದೆಹಲಿಯ ಏಮ್ಸ್‌ನಲ್ಲಿ ಎಲ್.ಎಸ್. ಆರ್ಯ ಮೊದಲಾದವರು. ಇವರೆಲ್ಲ ಸೇರಿ ನಮ್ಮ ಆಸ್ಪತ್ರೆಗಳಿಗೆ ಹೊಂದುವ ಒಂದೇ ಚಿಕಿತ್ಸಾ ಕ್ರಮವನ್ನು ನೆಲೆಗೊಳಿಸಿದರು. ಅದರ ಹೆಸರು ಎಂಸಿಪಿ-841. ಪಶ್ಚಿಮದ ಅತ್ಯಂತ ಕಠಿಣ ಪ್ರೊಟೊಕಾಲ್‌ಗಳನ್ನು ಹಾಗೇ ಎತ್ತಿ ತಂದಿದ್ದರೆ ಇಲ್ಲಿ ಔಷಧಿಯೇ ಮಕ್ಕಳನ್ನು ಕೊಲ್ಲುತ್ತಿತ್ತು. ರಕ್ತದಲ್ಲಿ ಔಷಧಿಯ ಮಟ್ಟ ಅಳೆಯುವ ಸೌಕರ್ಯ ಕಡಿಮೆ, ಹಾಸಿಗೆ ಕಡಿಮೆ. ಆದ್ದರಿಂದ ಬಹುಭಾಗ ಹೊರರೋಗಿಯಾಗಿಯೇ ಪಡೆಯಬಹುದಾದ, ಪರಿಚಿತ ಔಷಧಿಗಳ ಕ್ರಮವೊಂದನ್ನು ಆರಿಸಿಕೊಂಡರು. ನನ್ನ ಮಟ್ಟಿಗೆ ಭಾರತದ ಕ್ಯಾನ್ಸರ್ ವೈದ್ಯಕೀಯದ ಅತ್ಯಂತ ವಿವೇಕದ ನಿರ್ಧಾರಗಳಲ್ಲಿ ಇದೊಂದು.

ಫಲಿತಾಂಶ ಕಣ್ಣಿಗೆ ಕಂಡಿತು. ರೋಗ ಮರುಕಳಿಸದೆ ನಾಲ್ಕು ವರ್ಷ ದಾಟಿದವರ ಪ್ರಮಾಣ ಶೇ. 20ಕ್ಕೂ ಕಡಿಮೆ ಇದ್ದದ್ದು ಶೇ. 45ರಿಂದ 60ಕ್ಕೆ ಏರಿತು. 1990ರಿಂದ 1997ರವರೆಗೆ ಈ ಮೂರು ಕೇಂದ್ರಗಳಲ್ಲಿ ಚಿಕಿತ್ಸೆ ಪಡೆದ, 25 ವರ್ಷದೊಳಗಿನ 1,048 ರೋಗಿಗಳ ವಿವರ 2005ರಲ್ಲಿ ಪ್ರಕಟವಾಯಿತು. ಆ ವರದಿ ಗೆದ್ದದ್ದನ್ನು ಹೇಳಿದಷ್ಟೇ ನೇರವಾಗಿ ಸೋತದ್ದನ್ನೂ ಹೇಳಿತು. ನಮ್ಮ ಮಕ್ಕಳು ಆಸ್ಪತ್ರೆಗೆ ಬರುವ ಹೊತ್ತಿಗೆ ರೋಗ ಪಶ್ಚಿಮದ ಮಕ್ಕಳಿಗಿಂತ ಹೆಚ್ಚು ಹರಡಿರುತ್ತದೆ. ಗುಣವಾಗುವ ಸಂಭವ ಹೆಚ್ಚಿರುವ ಒಂದು ಉಪಜಾತಿ ಇಲ್ಲಿ ಕಡಿಮೆ. ಟಿ-ಕೋಶದ ಬಗೆ, ಅದರಲ್ಲೂ ಚೆನ್ನೈನಲ್ಲಿ, ಹೆಚ್ಚು. ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ರೋಗದಿಂದಲ್ಲದೆ ಚಿಕಿತ್ಸೆಯ ನಡುವಿನ ಸೋಂಕು, ರಕ್ತಸ್ರಾವಗಳಿಂದ ಸಾಯುವವರು ಇಲ್ಲಿ ಹೆಚ್ಚು. ಕೀಮೋ ಕೊಟ್ಟ ಮೇಲೆ ಬಿಳಿ ರಕ್ತಕಣ ಕುಸಿದಾಗ ಬರುವ ಜ್ವರ ಬೆಳಗಿನವರೆಗೆ ಕಾಯುವ ಜ್ವರವಲ್ಲ. ದೇವದುರ್ಗದ ಹಳ್ಳಿಯೊಂದರಲ್ಲಿ ನಡುರಾತ್ರಿ ಆ ಜ್ವರ ಬಂದರೆ ಏನು ಗತಿಯೆಂದು ಯಾವ ಅಮೆರಿಕದ ಪ್ರೊಟೊಕಾಲೂ ಯೋಚಿಸಿರಲಿಲ್ಲ.

ಇನ್ನೊಂದು ಸೋಲು ಬಿಟ್ಟುಹೋಗುವುದು. ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷದ್ದು. ಮೊದಲ ಆರೇಳು ತಿಂಗಳು ಕಠಿಣ. ಆಮೇಲೆ ದಿನಾ ರಾತ್ರಿ ಮರ್ಕ್ಯಾಪ್ಟೋಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ, ಆಗಾಗ ರಕ್ತಪರೀಕ್ಷೆ. ಮರ್ಕ್ಯಾಪ್ಟೋಪ್ಯೂರಿನ್ ಗುಳಿಗೆ 50 ಮಿಲಿಗ್ರಾಮಿನದು. ಮಗುವಿನ ಮೈಯಳತೆಗೆ ಅದು ಸರಿಹೊಂದದೆ ಸೋಮವಾರ ಅರ್ಧ, ಮಂಗಳವಾರ ಒಂದು, ಬುಧವಾರ ಮತ್ತೆ ಅರ್ಧ ಎಂದು ಬರೆದುಕೊಡುತ್ತಾರೆ. ಅಕ್ಷರ ಬಾರದ ತಾಯಿ ಅದನ್ನು ಕ್ಯಾಲೆಂಡರಿನ ಮನೆಗಳಲ್ಲಿ ಗೀಟು ಹಾಕಿ ನೆನಪಿಟ್ಟುಕೊಳ್ಳುತ್ತಾಳೆ. ಕೂದಲು ಮತ್ತೆ ಬಂದಿದೆ, ಮಗು ಶಾಲೆಗೆ ಹೋಗುತ್ತಿದೆ, ಸಾಲ ಏರಿದೆ. ಇನ್ನು ಯಾಕೆ ಈ ಗುಳಿಗೆ ಎಂದು ಮನೆಯ ಹಿರಿಯರು ಕೇಳುತ್ತಾರೆ. ನಾಲ್ಕು ವಾರ ಸತತವಾಗಿ ಚಿಕಿತ್ಸೆ ತಪ್ಪಿದರೆ ಅದನ್ನು ಚಿಕಿತ್ಸೆ ತೊರೆದದ್ದು ಎಂದು ಮಕ್ಕಳ ಕ್ಯಾನ್ಸರ್ ವೈದ್ಯರ ಅಂತರರಾಷ್ಟ್ರೀಯ ಸಂಘ ಲೆಕ್ಕ ಹಾಕುತ್ತದೆ. ಈ ಸಾಲಿನಲ್ಲಿ ಬರುವ ಮಕ್ಕಳು ಔಷಧಿ ಸೋತು ಸತ್ತವರಲ್ಲ. ಕರ್ನಾಟಕದಲ್ಲಿ 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲಾದ ವಾಜಪೇಯಿ ಆರೋಗ್ಯಶ್ರೀ, ಆಮೇಲೆ 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಇವುಗಳನ್ನು ಬರೀ ಸರ್ಕಾರಿ ಯೋಜನೆಗಳೆಂದು ನೋಡಬಾರದು. ಬಡವರ ಮನೆಯ ಮಗುವಿನ ಕೀಮೋ ಖರ್ಚು ಹೊತ್ತುಕೊಂಡ ಯೋಜನೆ ಎಎಲ್‌ಎಲ್ ಚರಿತ್ರೆಯಲ್ಲಿ ವಿಂಕ್ರಿಸ್ಟಿನ್‌ನಷ್ಟೇ ಮುಖ್ಯ.

ನಮ್ಮದೇ ಸಂಶೋಧನೆ ಯಾಕೆ ಬೇಕಿತ್ತು ಎಂಬುದಕ್ಕೆ ಇನ್ನೆರಡು ಉದಾಹರಣೆ. ಮರ್ಕ್ಯಾಪ್ಟೋಪ್ಯೂರಿನ್ ಕೆಲವು ಮಕ್ಕಳಿಗೆ ತೀರಾ ಕಡಿಮೆ ಪ್ರಮಾಣದಲ್ಲೂ ತಡೆಯುವುದಿಲ್ಲ, ರಕ್ತಕಣ ಪಾತಾಳಕ್ಕೆ ಇಳಿಯುತ್ತದೆ. ಯುರೋಪಿನವರಲ್ಲಿ ಇದಕ್ಕೆ ಕಾರಣವೆಂದು ಗುರುತಿಸಿದ್ದ ಜೀನ್ ನಮ್ಮಲ್ಲಿ ಬಹಳಷ್ಟನ್ನು ವಿವರಿಸಲಿಲ್ಲ. ಎನ್‌ಯುಡಿಟಿ-15 ಎಂಬ ಬೇರೊಂದು ಜೀನಿನ ವ್ಯತ್ಯಾಸ ಏಷ್ಯಾದ ಜನರಲ್ಲಿ ಹೆಚ್ಚು ಎಂದು ಸುಮಾರು 2014ರ ನಂತರ ತಿಳಿಯಿತು. ಎರಡನೆಯದು ಆಸ್ಪರಾಜಿನೇಸ್. ಲ್ಯುಕೇಮಿಯಾ ಕೋಶಕ್ಕೆ ಬೇಕಾದ ಒಂದು ಪೋಷಕಾಂಶವನ್ನು ಕಸಿದುಕೊಂಡು ಅದನ್ನು ಸಾಯಿಸುವ ಈ ಕಿಣ್ವ ನಮ್ಮಲ್ಲಿ ಅಗ್ಗದ ಜೆನೆರಿಕ್ ರೂಪದಲ್ಲಿ ಸಿಗುತ್ತದೆ. ಕೋಲ್ಕತ್ತಾದ ಸಂಶೋಧಕರು ಮಾರುಕಟ್ಟೆಯ ಹಲವು ತಯಾರಿಕೆಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ್ದು ಗಾಬರಿ ಹುಟ್ಟಿಸುವ ಸಂಗತಿ: ಅವುಗಳ ಗುಣಮಟ್ಟ ತೃಪ್ತಿಕರವಾಗಿರಲಿಲ್ಲ. ಅಪ್ಪ ಅಮ್ಮ ಸಾಲ ಮಾಡಿ ತಂದ, ನರ್ಸ್ ಹೊತ್ತಿಗೆ ಸರಿಯಾಗಿ ಕೊಟ್ಟ ಇಂಜೆಕ್ಷನ್ ಮೈಯಲ್ಲಿ ಕೆಲಸ ಮಾಡುತ್ತಿಲ್ಲದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಳೆದವರಿಗೆ ಮಾತ್ರ ಕಾಣುತ್ತದೆ.

ಈ ಎಲ್ಲ ಪಾಠಗಳನ್ನು ಹೊತ್ತು ಬಂದದ್ದು ಐಸಿಕಲ್-ಎಎಲ್‌ಎಲ್-14 ಎಂಬ ಟ್ರಯಲ್. ಕೋಲ್ಕತ್ತಾ, ಮುಂಬಯಿ, ದೆಹಲಿ, ಚಂಡೀಗಢ, ಚೆನ್ನೈ ಆಸ್ಪತ್ರೆಗಳು ಜೊತೆಗೂಡಿ ನಡೆಸಿದ್ದು. ಮಜ್ಜೆಯಲ್ಲಿ ಹತ್ತು ಸಾವಿರಕ್ಕೆ ಒಂದು ರೋಗಕೋಶ ಉಳಿದಿದ್ದರೂ ಪತ್ತೆಹಚ್ಚುವ ಪರೀಕ್ಷೆಯಿಂದ ಅಪಾಯದ ಮಟ್ಟ ಗುರುತಿಸಿ, ಯಾರಿಗೆ ಕಡಿಮೆ ಸಾಕು, ಯಾರಿಗೆ ಹೆಚ್ಚು ಬೇಕು ಎಂದು ಬೇರ್ಪಡಿಸುವ ಕ್ರಮ ಅದರದ್ದು. ಅದು ಕೇಳಿದ ಒಂದು ಪ್ರಶ್ನೆ ನನಗೆ ಬಹಳ ಹಿಡಿಸಿತು: ಅಪಾಯ ಹೆಚ್ಚಿಲ್ಲದ ಚಿಕ್ಕ ಮಕ್ಕಳಿಗೆ ಆರಂಭದ ಸ್ಟೀರಾಯ್ಡನ್ನು ಐದು ವಾರದ ಬದಲು ಮೂರೇ ವಾರ ಕೊಟ್ಟರೆ ತೊಂದರೆ ಕಡಿಮೆಯಾಗುತ್ತದೆಯೇ? ಹೊಸ ಔಷಧಿಯಿಲ್ಲ, ಪೇಟೆಂಟಿಲ್ಲ. ಇದ್ದದ್ದನ್ನು ಕಡಿಮೆ ಮಾಡಿ ಮಗುವನ್ನು ಸೋಂಕಿನಿಂದ ಕಾಯುವ ಪ್ರಶ್ನೆ. ಇಂಥದ್ದಕ್ಕೆ ಯಾವ ಕಂಪನಿಯೂ ದುಡ್ಡು ಹಾಕುವುದಿಲ್ಲ.

ಟ್ರಯಲ್ ಎಂದರೆ ನಮ್ಮ ಜನಕ್ಕೆ ಭಯವಿದೆ, ಅದಕ್ಕೆ ಕಾರಣಗಳೂ ಇವೆ. "ನಮ್ ಮಗೀನ್ ಮೇಲೆ ಪ್ರಯೋಗ ಮಾಡ್ತೀರೇನ್ ಸಾರ್?" ಎಂದು ಒಬ್ಬ ತಂದೆ ಕೇಳಿದರೆ ಅದು ಕೇಳಲೇಬೇಕಾದ ಪ್ರಶ್ನೆ. 2007ರಲ್ಲಿ ಟ್ರಯಲ್‌ಗಳ ರಾಷ್ಟ್ರೀಯ ನೋಂದಣಿ ಆರಂಭವಾಗಿ 2009ರಲ್ಲಿ ಅದು ಕಡ್ಡಾಯವಾಯಿತು. 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ನಂತರ ಹೊಸ ಔಷಧಿಗಳ ಟ್ರಯಲ್‌ಗೆ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕೆಂಬ ನಿಯಮ ಬಂತು. ಏಳು ವರ್ಷ ದಾಟಿದ ಮಗುವಾದರೆ ತಂದೆತಾಯಿಯ ಸಹಿ ಸಾಲದು, ಮಗುವಿಗೂ ತಿಳಿಯುವಂತೆ ಹೇಳಿ ಅದರ ಒಪ್ಪಿಗೆ ಕೇಳಬೇಕು. ಇವೆಲ್ಲ ಕಾಗದಕ್ಕಷ್ಟೇ ಉಳಿಯದೆ ಕನ್ನಡದಲ್ಲಿ, ಆ ತಂದೆಯ ಕನ್ನಡದಲ್ಲಿ, ನಡೆದರೆ ಆ ಪ್ರಶ್ನೆಗೆ ಉತ್ತರವಿದೆ: ಎರಡೂ ಗುಂಪಿನ ಮಕ್ಕಳಿಗೆ ಚಿಕಿತ್ಸೆ ಸಿಗುತ್ತದೆ, ಯಾವುದು ಮೇಲು ಎಂದು ಇನ್ನೂ ಯಾರಿಗೂ ಗೊತ್ತಿಲ್ಲ, ಅದಕ್ಕೇ ಎರಡನ್ನೂ ತೂಗಿ ನೋಡುವುದು.

ಇತ್ತ ಜಕ್ಕೂರಿನಲ್ಲಿ ಮನೀಷಾ ಇನಾಮದಾರ್ ಅವರ ತಂಡ ಹಣ್ಣಿನ ನೊಣದ ಮರಿಹುಳುವಿನಲ್ಲಿ ರಕ್ತ ಹುಟ್ಟುವ ಪುಟ್ಟ ಅಂಗವನ್ನು ವರ್ಷಗಳ ಕಾಲ ಅಧ್ಯಯನ ಮಾಡಿತು. ಅಸೃಜ್ ಎಂದು ಅವರು ಹೆಸರಿಟ್ಟ ಪ್ರೋಟೀನ್ ಇಲ್ಲದಿದ್ದರೆ ಮೂಲಕೋಶಗಳು ಸುಮ್ಮನಿರಬೇಕಾದ ಹೊತ್ತಿನಲ್ಲಿ ಸುಮ್ಮನಿರುವುದಿಲ್ಲ ಎಂದು ಕಂಡುಕೊಂಡರು. 2019ರಲ್ಲಿ ಅದೇ ಮಾತನ್ನು ಇಲಿಯಲ್ಲೂ ತೋರಿಸಿದರು. ಅಸೃಜ್ ಇಲ್ಲದ ಇಲಿಗಳಲ್ಲಿ ಪಿ-53 ಎಂಬ ಕಾವಲು ಪ್ರೋಟೀನ್ ಕುಗ್ಗಿ, ಮೂಲಕೋಶಗಳು ಎದ್ದು ವಿಭಜನೆಯಾಗುತ್ತ ರಕ್ತಕಣಗಳು ಮಿತಿಮೀರಿ ಹೆಚ್ಚುವ ಕಾಯಿಲೆ ಬಂತು. ಅದು ಎಎಲ್‌ಎಲ್ ಅಲ್ಲ, ಮೈಲಾಯ್ಡ್ ಕುಲದ ಕಾಯಿಲೆ. ಈ ಕೆಲಸದಿಂದ ನಾಳೆಯೇ ಗುಳಿಗೆ ಹುಟ್ಟುವುದೂ ಇಲ್ಲ. ಆದರೆ ಲೂಸಿ ವಿಲ್ಸ್ ಬೊಂಬಾಯಿಯಲ್ಲಿ ಯೀಸ್ಟಿನ ಸಾರ ಹಿಡಿದು ಕೂತಾಗ ಅವರೂ ಕ್ಯಾನ್ಸರಿನ ಬಗ್ಗೆ ಯೋಚಿಸುತ್ತಿರಲಿಲ್ಲ.

ಹೊಸ ಚಿಕಿತ್ಸೆಗಳೂ ಬೆಂಗಳೂರಿಗೆ ಬಂದಿವೆ. ರೋಗಿಯದೇ ಟಿ-ಕೋಶಗಳನ್ನು ಹೊರತೆಗೆದು, ಬ್ಲಾಸ್ಟ್‌ನ ಮೈಮೇಲಿರುವ ಸಿಡಿ-19 ಎಂಬ ಗುರುತನ್ನು ಹಿಡಿಯುವಂತೆ ಅವನ್ನು ತಿದ್ದಿ, ಬೆಳೆಸಿ ಮರಳಿ ಕೊಡುವುದು ಕಾರ್-ಟಿ ಚಿಕಿತ್ಸೆ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಅದರ ಬೆಲೆ 4,75,000 ಡಾಲರ್. 2023ರ ಅಕ್ಟೋಬರ್‌ನಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನ ನೆಕ್ಸ್‌ಕಾರ್-19ಕ್ಕೆ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಬಾರ್ಸಿಲೋನಾದ ಆಸ್ಪತ್ರೆಯೊಂದು ರೂಪಿಸಿದ ಕಾರ್-ಟಿಯನ್ನು ಬೊಮ್ಮಸಂದ್ರದಲ್ಲಿ ತಯಾರಿಸಿ ಟ್ರಯಲ್ ನಡೆಸಿದ ಇಮ್ಯುನೀಲ್ ಕಂಪನಿ 2025ರ ಜನವರಿಯಲ್ಲಿ ಲಿಂಫೋಮಾ ರೋಗಿಗಳಿಗಾಗಿ ಅದನ್ನು ಬಿಡುಗಡೆ ಮಾಡಿತು. ವಿದೇಶದ ಬೆಲೆಗೆ ಹೋಲಿಸಿದರೆ ಇವು ಅಗ್ಗ, ರಾಯಚೂರಿನ ಕೂಲಿಯವನ ಲೆಕ್ಕದಲ್ಲಿ ಅಲ್ಲ. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ದೊಡ್ಡ ಟ್ರಯಲ್ ಪ್ರಕಟವಾಯಿತು: ಸಾಧಾರಣ ಅಪಾಯದ ಮಕ್ಕಳಿಗೆ ಕೀಮೋ ಜೊತೆ ಬ್ಲಿನಟುಮೊಮ್ಯಾಬ್ ಎಂಬ ಔಷಧಿ ಕೊಟ್ಟಾಗ ಮೂರು ವರ್ಷದ ಹೊತ್ತಿಗೆ ರೋಗವಿಲ್ಲದೆ ಉಳಿದವರು ಶೇ. 96, ಬರೀ ಕೀಮೋದಲ್ಲಿ ಶೇ. 87.9. ಆ ದುಬಾರಿ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ ಕೊಟ್ಟು ಕಠಿಣ ಕೀಮೋದ ಒಂದು ಭಾಗವನ್ನೇ ಕೈಬಿಡಬಹುದೇ ಎಂಬುದನ್ನು ನಮ್ಮ ಆಸ್ಪತ್ರೆಗಳೇ ಕೇಳಿ ಉತ್ತರ ಕಂಡುಕೊಳ್ಳಬೇಕು, 1984ರಲ್ಲಿ ಮಾಡಿದ ಹಾಗೆ.

ಅಂಥ ಮುಂದಿನ ಅಧ್ಯಯನದಲ್ಲಿ ಕರ್ನಾಟಕದ ಜಿಲ್ಲೆಗಳ ಹೆಸರಿರಬೇಕು ಎಂಬುದು ನನ್ನ ಆಸೆ. ಕಿದ್ವಾಯಿಗೆ ಕಲಬುರಗಿಯಲ್ಲಿ, ಮಂಡ್ಯದಲ್ಲಿ ಘಟಕಗಳಿವೆ. ಗುಳಿಗೆಯ ಹಂತಕ್ಕೆ ಬಂದ ಮಗುವಿನ ರಕ್ತಪರೀಕ್ಷೆ, ಜ್ವರಕ್ಕೆ ಮೊದಲ ಆಂಟಿಬಯಾಟಿಕ್, ತಪ್ಪಿದ ಭೇಟಿಗೆ ಒಂದು ಫೋನು, ಇಷ್ಟನ್ನು ಊರಿನ ಹತ್ತಿರವೇ ಮಾಡಿ, ಬೆಂಗಳೂರಿಗೆ ಬಂದು ಹೋಗುವ ಮಕ್ಕಳ ಜೊತೆ ಹೋಲಿಸಿ, ಐದು ವರ್ಷದ ನಂತರ ಎಲ್ಲಿ ಎಷ್ಟು ಮಂದಿ ಬದುಕಿದ್ದಾರೆಂದು ಪೂಜನಹಳ್ಳಿಯ ಲೆಕ್ಕದಲ್ಲಿ ಜಿಲ್ಲಾವಾರು ಬರೆದಿಡುವ ಟ್ರಯಲ್ ಒಂದು ಬರಲಿ. ಅದಕ್ಕೆ ಬೇಕಾದ ಔಷಧಿಗಳೆಲ್ಲ ಕಲಬುರಗಿಯ ಅಂಗಡಿಯಲ್ಲೂ ಸಿಗುತ್ತವೆ.